ಮಾತ್ರೆಯ ಗಂಟೆ



ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿದ್ದರೆ ನಿಮಗೆ ಗೊತ್ತು. ಬೆಳಿಗ್ಗೆ ಮಾತ್ರೆ ನುಂಗಿ ಸ್ವಲ್ಪ ಹೊತ್ತು ಕಳೆದ ಮೇಲೆಯೇ ಅವರ ಕೈಕಾಲು ಆಡುತ್ತದೆ. ಲೆವೊಡೋಪಾ ಎಂಬ ಆ ಔಷಧದ ಬಲ ಕೆಲವೇ ಗಂಟೆ. ಹಾಗಾಗಿ ಒಬ್ಬರಿಗೆ 6, 10, 2 ಗಂಟೆ. ಇನ್ನೊಬ್ಬರಿಗೆ ಬೇರೆ ಲೆಕ್ಕ.

ಆಸ್ಪತ್ರೆ ಸೇರಿದರೆ ಈ ಲೆಕ್ಕ ತಪ್ಪುತ್ತದೆ. ನಾನು ನೋಡಲು ಹೋಗಿದ್ದ ಹಿರಿಯರೊಬ್ಬರು ಹತ್ತು ಗಂಟೆಯ ಮಾತ್ರೆಗಾಗಿ ಮಧ್ಯಾಹ್ನದವರೆಗೆ ಕಾದಿದ್ದರು. ಮೈಯೆಲ್ಲ ಮರದಂತೆ ಬಿಗಿದಿತ್ತು, ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನರ್ಸ್ ಒಳ್ಳೆಯವರೇ, ಪಾಪ, ಅಷ್ಟೂ ಹಾಸಿಗೆಗೆ ಇಬ್ಬರೇ. ವಾರ್ಡಿನ ವೇಳೆಗೆ ಎಲ್ಲರಿಗೂ ಒಟ್ಟಿಗೆ ಹಂಚುತ್ತಿದ್ದರು.

ಬ್ರಿಟನ್ನಿನ ಪಾರ್ಕಿನ್ಸನ್ ಸಂಘ 2006ರಲ್ಲಿ ಇದಕ್ಕೆಂದೇ ಚಳವಳಿ ಹೂಡಿತು. ಅಲ್ಲಿನ 2018ರ ಗುಣಮಟ್ಟ ನಿಯಮದಂತೆ, ಆಸ್ಪತ್ರೆಯಲ್ಲಿ ಲೆವೊಡೋಪಾವನ್ನು ನಿಗದಿತ ವೇಳೆಯ ಅರ್ಧ ಗಂಟೆಯೊಳಗೆ ಕೊಡಬೇಕು.

ನಮ್ಮಲ್ಲಿ ಅದನ್ನು ನೆನಪಿಸಬೇಕಾದವರು ಮನೆಯವರೇ. ದಾಖಲು ಮಾಡುವಾಗಲೇ ಮಾತ್ರೆಯ ಹೆಸರು, ಗಂಟೆ ಬರೆದ ಚೀಟಿಯನ್ನು ಡಾಕ್ಟರರಿಗೂ ನರ್ಸಿಗೂ ಕೊಡಿ. ಮನೆಯ ಮಾತ್ರೆಗಳನ್ನೂ ಒಯ್ಯಿರಿ. ಆಪರೇಶನ್‌ಗೆ ಮೊದಲು ಉಪವಾಸವೆಂದರೆ "ಈ ಮಾತ್ರೆ ಹೇಗೆ ಕೊಡುತ್ತೀರಿ?" ಎಂದು ಕೇಳಿ, ಒಮ್ಮೆಲೇ ನಿಂತರೆ ಜೀವಕ್ಕೇ ಅಪಾಯವಾಗಬಹುದು. ವಾಂತಿಗೆ ಮೆಟೊಕ್ಲೋಪ್ರಮೈಡ್ ಕೊಡುವುದಾದರೆ, ಇವರಿಗೆ ಪಾರ್ಕಿನ್ಸನ್ ಇದೆ, ಅದು ಆಗುವುದಿಲ್ಲ ಎಂದು ತಿಳಿಸಿ. ಸಂಕೋಚ ಬೇಡ, ಜಗಳವೂ ಬೇಡ. ಆ ಚೀಟಿಯನ್ನು ಇವತ್ತೇ ಬರೆದು ಔಷಧದ ಡಬ್ಬಿಯಲ್ಲಿಡಿ.