ಹೆಸರಿನ ಜೊತೆ ಕಾರಣವನ್ನೂ ಹೇಳಲಿ

ಡೆಮಾಕ್ರಟಿಕ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಿಗೆ,
ವಾಷಿಂಗ್ಟನ್

ಮಾನ್ಯರೇ,

1972ರ ಜುಲೈ 13, ಗುರುವಾರ. ಮಯಾಮಿ ಬೀಚ್‌ನಲ್ಲಿ ನಿಮ್ಮ ಪಕ್ಷದ ರಾಷ್ಟ್ರೀಯ ಸಮಾವೇಶದ ಕೊನೆಯ ದಿನ. ಅಧ್ಯಕ್ಷ ಅಭ್ಯರ್ಥಿಯಾಗಿ ಆಗಷ್ಟೇ ಆಯ್ಕೆಯಾಗಿದ್ದ ಸೌತ್ ಡಕೋಟದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅವರ ಕೈಯಲ್ಲಿ ಉಳಿದಿದ್ದದ್ದು ಕೆಲವೇ ಗಂಟೆ. ಸಂಜೆಯೊಳಗೆ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಎಡ್ವರ್ಡ್ ಕೆನೆಡಿ ಒಲ್ಲೆ ಎಂದರು. ಬಾಸ್ಟನ್ ಮೇಯರ್ ಕೆವಿನ್ ವೈಟ್ ಹೆಸರಿಗೆ ಅವರದೇ ರಾಜ್ಯದವರಿಂದ ವಿರೋಧ ಬಂತು. ವಿಸ್ಕಾನ್ಸಿನ್‌ನ ಗೇಲಾರ್ಡ್ ನೆಲ್ಸನ್ ಕೂಡ ಒಪ್ಪಲಿಲ್ಲ. ಕೊನೆಗೆ ಫೋನು ಹೋಗಿದ್ದು ಮಿಸೌರಿಯ 42 ವರ್ಷದ ಸೆನೆಟರ್ ಥಾಮಸ್ ಈಗಲ್ಟನ್ ಅವರಿಗೆ. ಅವರು ತಕ್ಷಣ ಒಪ್ಪಿದರು. ಮೆಕ್‌ಗವರ್ನ್ ಅವರ ಆಪ್ತ ಫ್ರಾಂಕ್ ಮ್ಯಾಂಕಿವಿಕ್ಜ್ ಫೋನು ತೆಗೆದುಕೊಂಡು, ಮುಂದೆ ತೊಂದರೆಗೆ ಸಿಲುಕಿಸುವಂಥ ಹಳೆಯ ಸಂಗತಿ ಏನಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲ ಎಂಬ ಉತ್ತರ ಬಂತು. ವಿಚಾರಣೆ ಅಲ್ಲಿಗೇ ಮುಗಿಯಿತು.

ಜಗತ್ತಿನ ಅತ್ಯಂತ ಪ್ರಬಲ ಹುದ್ದೆಗೆ ಒಂದೇ ಮೆಟ್ಟಿಲು ಕೆಳಗೆ ನಿಲ್ಲಬೇಕಾದ ವ್ಯಕ್ತಿಯ ಆಯ್ಕೆ ಒಂದು ದಿನದ ಅವಸರದಲ್ಲಿ, ಒಂದು ಚಿಕ್ಕ ಫೋನ್ ಮಾತಿನಲ್ಲಿ ನಡೆದುಹೋಯಿತು.

ಅದರ ಬೆಲೆ ತೆರಬೇಕಾಗಿ ಬರಲು ಎರಡು ವಾರವೂ ಬೇಕಾಗಲಿಲ್ಲ. ಜುಲೈ 25ರಂದು ಸೌತ್ ಡಕೋಟದ ಕಸ್ಟರ್ ಬಳಿ ನಡೆದ ಪತ್ರಿಕಾಗೋಷ್ಠಿಯಲ್ಲಿ ಈಗಲ್ಟನ್, ಪಕ್ಕದಲ್ಲಿ ಮೆಕ್‌ಗವರ್ನ್ ಇರುವಾಗಲೇ, ತಮ್ಮ ಕಾಯಿಲೆಯ ವಿಷಯ ಬಿಚ್ಚಿಟ್ಟರು. 1960, 1964 ಮತ್ತು 1966ರಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿದ್ದೆ, ಖಿನ್ನತೆಗೆ ಎರಡು ಬಾರಿ ಶಾಕ್ ಚಿಕಿತ್ಸೆಯನ್ನೂ ಪಡೆದಿದ್ದೆ ಎಂದರು. ಪತ್ರಕರ್ತರು ಆಗಲೇ ಅದರ ಜಾಡು ಹಿಡಿದಿದ್ದರು. ಮುಚ್ಚಿಡಲು ದಾರಿ ಉಳಿದಿರಲಿಲ್ಲ. ಮೆಕ್‌ಗವರ್ನ್ ಮೊದಲು ಈಗಲ್ಟನ್ ಅವರ ಬೆನ್ನಿಗೆ ‘ಸಾವಿರ ಪರ್ಸೆಂಟ್’ ನಿಂತಿರುವುದಾಗಿ ಹೇಳಿದರು. ಅದಾದ ಕೆಲವೇ ದಿನಕ್ಕೆ ಧ್ವನಿ ಬದಲಾಯಿತು. ಜುಲೈ 31ರಂದು ಈಗಲ್ಟನ್ ಹಿಂದೆ ಸರಿದರು. ನೀವು ಈಗ ಮುನ್ನಡೆಸುತ್ತಿರುವ ಇದೇ ಸಮಿತಿ ಆಗಸ್ಟ್ 8ರಂದು ವಿಶೇಷ ಸಭೆ ಸೇರಿ ಸಾರ್ಜೆಂಟ್ ಶ್ರೈವರ್ ಅವರನ್ನು ಆ ಜಾಗಕ್ಕೆ ಆರಿಸಿತು. ನವೆಂಬರ್‌ನಲ್ಲಿ ರಿಚರ್ಡ್ ನಿಕ್ಸನ್ 49 ರಾಜ್ಯ ಗೆದ್ದರು. ಮೆಕ್‌ಗವರ್ನ್ ಪಾಲಿಗೆ ಬಂದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್, ಒಟ್ಟು 17 ಎಲೆಕ್ಟೋರಲ್ ಮತ.

ಆ ಸೋಲಿಗೆ ವಿಯೆಟ್ನಾಂ ಯುದ್ಧದಿಂದ ಹಿಡಿದು ಪಕ್ಷದ ಒಳಜಗಳದವರೆಗೆ ಹಲವು ಕಾರಣಗಳಿದ್ದವು. ಆದರೆ ಅಂದಿನ ಒಂದು ಅಂಕಿಯನ್ನು ಇಂದಿಗೂ ಮರೆಯಬಾರದು. ಟೈಮ್ ವಾರಪತ್ರಿಕೆಯ ಸಮೀಕ್ಷೆಯಲ್ಲಿ ಶೇ 77ರಷ್ಟು ಜನ, ಈಗಲ್ಟನ್ ಅವರ ವೈದ್ಯಕೀಯ ಇತಿಹಾಸ ತಮ್ಮ ಮತವನ್ನು ಬದಲಿಸುವುದಿಲ್ಲ ಎಂದಿದ್ದರು. ಕಾಯಿಲೆ ಬಿದ್ದವನನ್ನು ಜನ ಕ್ಷಮಿಸಬೇಕಾದ ಪ್ರಶ್ನೆಯೇ ಇರಲಿಲ್ಲ, ಅದು ತಪ್ಪೇ ಅಲ್ಲ. ಜನರ ಕಣ್ಣಿಗೆ ಬಿದ್ದದ್ದು ಬೇರೆ: ಕೇಳಬೇಕಾದ್ದನ್ನು ಕೇಳದ ಅಭ್ಯರ್ಥಿ, ಹೇಳಬೇಕಾದ್ದನ್ನು ಹೇಳದ ಜೊತೆಗಾರ, ಮತ್ತು ವಾರವೊಂದು ಕಳೆಯುವುದರೊಳಗೆ ಬಣ್ಣ ಕಳೆದುಕೊಂಡ ಒಂದು ದೊಡ್ಡ ಮಾತು. ನೇರ ನಡೆಯೇ ತನ್ನ ಬಂಡವಾಳ ಎಂದು ಊರೂರು ತಿರುಗಿದ್ದ ಮೆಕ್‌ಗವರ್ನ್ ಅವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಿಲ್ಲ. ಈಗಲ್ಟನ್ ಅವರನ್ನು ಉಳಿಸಿಕೊಳ್ಳಬೇಕಿತ್ತು ಎಂದು ಅವರು ಇಳಿವಯಸ್ಸಿನಲ್ಲಿ ಹೇಳಿಕೊಂಡರು.

ಈ ಕಥೆಯಲ್ಲಿ ಮನಸ್ಸಿಗೆ ನಾಟುವ ಇನ್ನೊಂದು ಸಂಗತಿಯಿದೆ. 1968ರ ಶಿಕಾಗೊ ಸಮಾವೇಶದ ಗಲಭೆಯ ನಂತರ ಅಭ್ಯರ್ಥಿ ಆಯ್ಕೆಯ ನಿಯಮಗಳನ್ನು ತಿದ್ದಲು ನಿಮ್ಮ ಪಕ್ಷ ನೇಮಿಸಿದ ಆಯೋಗದ ಮೊದಲ ಅಧ್ಯಕ್ಷರು ಇದೇ ಮೆಕ್‌ಗವರ್ನ್. ಮುಚ್ಚಿದ ಕೋಣೆಯಲ್ಲಿ ಪಕ್ಷದ ಮುಖಂಡರು ಅಭ್ಯರ್ಥಿಯನ್ನು ನಿಶ್ಚಯಿಸುತ್ತಿದ್ದ ಪದ್ಧತಿಯನ್ನು ಒಡೆದು, ಪ್ರೈಮರಿ ಚುನಾವಣೆಗಳ ಮೂಲಕ ಸಾಮಾನ್ಯ ಮತದಾರನಿಗೆ ಬಾಗಿಲು ತೆರೆದದ್ದು ಆ ಆಯೋಗದ ಕೆಲಸ. ಅಧ್ಯಕ್ಷ ಅಭ್ಯರ್ಥಿಗೆ ತೆರೆದ ಆ ಬಾಗಿಲು ಉಪಾಧ್ಯಕ್ಷ ಅಭ್ಯರ್ಥಿಯ ಮಟ್ಟಿಗೆ ಇಂದಿಗೂ ಮುಚ್ಚಿಯೇ ಇದೆ. ಈಗಲ್ಟನ್ ಪ್ರಕರಣದ ನಂತರ ಹ್ಯೂಬರ್ಟ್ ಹಂಫ್ರಿ ಮುಂದಾಳತ್ವದಲ್ಲಿ ಉಪಾಧ್ಯಕ್ಷರ ಆಯ್ಕೆಯ ಬಗ್ಗೆಯೇ ಒಂದು ಸಮಿತಿ ಕೂತಿತ್ತು. ಅರ್ಧ ಶತಮಾನ ಕಳೆದರೂ ಆಯ್ಕೆ ಅಭ್ಯರ್ಥಿಯೊಬ್ಬರ ಕೈಯಲ್ಲೇ ಇದೆ, ಸಮಾವೇಶ ಒಪ್ಪಿಗೆಯ ಮುದ್ರೆ ಒತ್ತುತ್ತದೆ.

ಮಾನ್ಯರೇ, ಈ ವಿಷಯ ಕನ್ನಡದಲ್ಲಿ ಏಕೆ ಎಂದು ಕೇಳುವವರಿಗೂ ಉತ್ತರವಿದೆ. ಕ್ಯಾಲಿಫೋರ್ನಿಯಾದಿಂದ ನ್ಯೂಜೆರ್ಸಿಯವರೆಗೆ ಮನೆಯಲ್ಲಿ ಕನ್ನಡ ಮಾತಾಡಿ ಮತಗಟ್ಟೆಗೆ ಹೋಗುವ ಅಮೆರಿಕದ ಪ್ರಜೆಗಳಿದ್ದಾರೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನಿಂದ ನಿಮ್ಮ ಪಕ್ಷದ ಟಿಕೆಟ್ ಮೇಲೆಯೇ ಸಂಸತ್ತಿಗೆ ಗೆದ್ದರು. ಈ ಮತದಾರರ ಮುಂದೆ ನವೆಂಬರ್‌ನಲ್ಲಿ ಬರುವುದು ಒಂದು ಜೋಡಿ ಹೆಸರು. ಅಧ್ಯಕ್ಷ ಅಭ್ಯರ್ಥಿ ಬೇಕು, ಜೊತೆಗಿರುವವರು ಬೇಡ ಎಂದು ಗುರುತು ಹಾಕಲು ಅಲ್ಲಿ ಅವಕಾಶವಿಲ್ಲ.

ಭಾರತದ ಉಪರಾಷ್ಟ್ರಪತಿಯ ಲೆಕ್ಕ ಬೇರೆ. ಅವರನ್ನು ಸಂಸದರು ಪ್ರತ್ಯೇಕವಾಗಿ ಚುನಾಯಿಸುತ್ತಾರೆ. ರಾಷ್ಟ್ರಪತಿ ತೀರಿಕೊಂಡರೆ ಅವರು ಹಂಗಾಮಿಯಾಗಿ ಮಾತ್ರ ಕೂರುತ್ತಾರೆ, ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಲೇಬೇಕು. ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಹೀಗೆ ಕೂತು, ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿಯವರಿಗೆ ಜಾಗ ಬಿಟ್ಟುಕೊಟ್ಟರು. ಅಮೆರಿಕದಲ್ಲಿ ಇಂಥ ಸಂದರ್ಭಕ್ಕೆ ಹಂಗಾಮಿ ಎಂಬುದಿಲ್ಲ. ಅಧ್ಯಕ್ಷರು ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷರು ಉಳಿದ ಅವಧಿಗೆ ಪೂರ್ಣ ಅಧ್ಯಕ್ಷರು. ಈವರೆಗೆ ಒಂಬತ್ತು ಮಂದಿ ಹೀಗೆ ಪಟ್ಟಕ್ಕೆ ಬಂದಿದ್ದಾರೆ, ಎಂಟು ಸಲ ಸಾವಿನಿಂದ, ಒಂದು ಸಲ ರಾಜೀನಾಮೆಯಿಂದ.

ಅವರಲ್ಲಿ ಹ್ಯಾರಿ ಟ್ರೂಮನ್ ಅವರ ಸಂಗತಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. 1944ರ ಮಾರ್ಚ್‌ನಲ್ಲೇ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಹೃದಯ ಸೋಲುತ್ತಿರುವುದನ್ನು ಕಂಡುಕೊಂಡಿದ್ದರು. ಮತದಾರನಿಗೆ ಅದು ಗೊತ್ತಾಗಲಿಲ್ಲ. ಆ ಬೇಸಿಗೆಯ ಶಿಕಾಗೊ ಸಮಾವೇಶದಲ್ಲಿ ಆಗಿನ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಅವರನ್ನು ಕೆಳಗಿಳಿಸಿ ಟ್ರೂಮನ್ ಅವರನ್ನು ತಂದ ಪಕ್ಷದ ಮುಖಂಡರು ಮುಂದಿನ ಅಧ್ಯಕ್ಷರನ್ನೇ ಆರಿಸುತ್ತಿರಬಹುದು ಎಂಬ ಅರಿವಿನಲ್ಲಿದ್ದರು, ಮತ ಹಾಕಿದ ಜನ ಇರಲಿಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನ ಕಳೆದಿತ್ತು. ಅಣುಬಾಂಬ್ ಯೋಜನೆಯ ಪೂರ್ಣ ವಿವರವನ್ನು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಟ್ರೂಮನ್ ಅವರ ಮುಂದಿಟ್ಟದ್ದು ಏಪ್ರಿಲ್ 25ರಂದು. ಹಿರೋಷಿಮಾದ ಮೇಲೆ ಬಾಂಬ್ ಬಿದ್ದದ್ದು ಆಗಸ್ಟ್ 6ರಂದು.

ಹಾಗಾದರೆ ಉಪಾಧ್ಯಕ್ಷರನ್ನು ಬೆಳಕಿನಲ್ಲಿ ನಿಲ್ಲಿಸಿ ಪರೀಕ್ಷಿಸುವ ದಾರಿ ಅಮೆರಿಕಕ್ಕೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. 1973ರ ಅಕ್ಟೋಬರ್ 10ರಂದು ತೆರಿಗೆ ವಂಚನೆ ಪ್ರಕರಣದಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ರಾಜೀನಾಮೆ ಕೊಟ್ಟಾಗ, ಸಂವಿಧಾನದ 25ನೇ ತಿದ್ದುಪಡಿಯ ಪ್ರಕಾರ ನಿಕ್ಸನ್ ಅವರು ಜೆರಾಲ್ಡ್ ಫೋರ್ಡ್ ಹೆಸರನ್ನು ಸೂಚಿಸಿದರು. ಹೆಸರು ಸೂಚಿಸಿದ್ದಕ್ಕೇ ಕೆಲಸ ಮುಗಿಯಲಿಲ್ಲ. ಎಫ್‌ಬಿಐ ಫೋರ್ಡ್ ಅವರ ಹಿಂದುಮುಂದನ್ನೆಲ್ಲ ಜಾಲಾಡಿತು. ಸಂಸತ್ತಿನ ಸಮಿತಿಗಳು ಸಾರ್ವಜನಿಕವಾಗಿ ಪ್ರಶ್ನೆ ಕೇಳಿದವು. ಸೆನೆಟ್ 92-3, ಪ್ರತಿನಿಧಿ ಸಭೆ 387-35 ಮತಗಳಿಂದ ಒಪ್ಪಿಗೆ ಕೊಟ್ಟಿತು. ಎಂಟು ತಿಂಗಳಿಗೆ ನಿಕ್ಸನ್ ಕೆಳಗಿಳಿದಾಗ, ಯಾವ ರಾಷ್ಟ್ರೀಯ ಚುನಾವಣೆಯನ್ನೂ ಗೆಲ್ಲದ ಫೋರ್ಡ್ ಅಧ್ಯಕ್ಷರಾದರು. ಅವರು ಯಾರು, ಎಂಥವರು ಎಂಬುದಾದರೂ ಆಗ ದೇಶಕ್ಕೆ ತಿಳಿದಿತ್ತು. ನಡುವೆ ಖಾಲಿಯಾದ ಕುರ್ಚಿಗೆ ಇಷ್ಟೊಂದು ವಿಚಾರಣೆ, ಚುನಾವಣೆಯ ಮೂಲಕ ಬರುವವರಿಗೆ ಮಾತ್ರ ಅಭ್ಯರ್ಥಿಯ ವಕೀಲರ ಗುಟ್ಟಿನ ಕಡತವೇ ಸಾಕು ಎಂಬುದು ಯಾವ ನ್ಯಾಯ?

ಒಳ್ಳೆಯ ಮಾದರಿ ನಿಮ್ಮ ಪಕ್ಷದ ಮನೆಯೊಳಗೇ ಇದೆ. 1976ರಲ್ಲಿ ಪ್ರೈಮರಿಗಳು ಮುಗಿದ ಮೇಲೆ ಜಿಮ್ಮಿ ಕಾರ್ಟರ್ ಅವಸರ ಪಡಲಿಲ್ಲ. ಎಡ್ಮಂಡ್ ಮಸ್ಕಿ, ಜಾನ್ ಗ್ಲೆನ್, ವಾಲ್ಟರ್ ಮಾಂಡೇಲ್ ಅವರನ್ನು ಜಾರ್ಜಿಯಾದ ತಮ್ಮ ಊರು ಪ್ಲೇನ್ಸ್‌ಗೆ ಕರೆಸಿಕೊಂಡು ದೀರ್ಘವಾಗಿ ಮಾತಾಡಿದರು. ಯಾರು ಬಂದರು, ಯಾರು ಹೋದರು ಎಂಬುದು ಪತ್ರಿಕೆಗಳಿಗೆ ತಿಳಿಯುತ್ತಿತ್ತು. ಆರಿಸಿದ ಮಾಂಡೇಲ್ ಅವರಿಗೆ ಗೆದ್ದ ಮೇಲೆ ಶ್ವೇತಭವನದ ಪಶ್ಚಿಮ ವಿಭಾಗದಲ್ಲೇ ಕೋಣೆ ಕೊಟ್ಟರು, ವಾರಕ್ಕೊಮ್ಮೆ ಜೊತೆಯಲ್ಲಿ ಕೂತು ಊಟ ಮಾಡಿದರು. ಇಂದು ಉಪಾಧ್ಯಕ್ಷ ಹುದ್ದೆಗೆ ಇರುವ ತೂಕ ಬಹುಮಟ್ಟಿಗೆ ಆಗ ಬಂದದ್ದು.

ತಾಳ್ಮೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಎದುರು ಪಕ್ಷದ 2008ರ ಉದಾಹರಣೆ ಸಾಕು. ಜಾನ್ ಮೆಕೇನ್ ಅವರು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಅವರನ್ನು ಅರಿಜೋನದ ತಮ್ಮ ತೋಟದ ಮನೆಗೆ ಕರೆಸಿ ಮಾತಾಡಿದ್ದು ಆಗಸ್ಟ್ 28ರಂದು. ಮರುದಿನ ಒಹಾಯೊದ ಡೇಟನ್‌ನಲ್ಲಿ ಹೆಸರು ಪ್ರಕಟವಾಯಿತು. ಅಂದೇ ಮೆಕೇನ್ ಅವರಿಗೆ 72 ತುಂಬಿತು. ಆ ವಯಸ್ಸಿನ ಅಭ್ಯರ್ಥಿಯ ಬೆನ್ನಿಗೆ ನಿಲ್ಲುವವರು ಯಾರೆಂಬುದು ಮತದಾರನಿಗೆ ಎಷ್ಟು ಮುಖ್ಯವಾಗಿತ್ತು! ತಮಗೆ ನಿಜವಾಗಿ ಬೇಕಿದ್ದವರು ಜೋ ಲೀಬರ್‌ಮನ್, ಅವರನ್ನೇ ಆರಿಸಬೇಕಿತ್ತು ಎಂದು ಮೆಕೇನ್ ತಮ್ಮ ಆತ್ಮಕಥನದಲ್ಲಿ ಬರೆದರು. ಆ ಪುಸ್ತಕ ಬಂದದ್ದು 2018ರಲ್ಲಿ.

2024ರಲ್ಲಿ ನಿಮ್ಮ ಪಕ್ಷಕ್ಕೂ ಸಮಯ ಇರಲಿಲ್ಲ. ಜೋ ಬೈಡನ್ ಜುಲೈ 21ರಂದು ಕಣದಿಂದ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಆಗಸ್ಟ್ 6ರಂದು ಮಿನೆಸೋಟದ ಗವರ್ನರ್ ಟಿಮ್ ವಾಲ್ಜ್ ಹೆಸರನ್ನು ಪ್ರಕಟಿಸಿದರು. ಎರಡು ವಾರ ಚಿಲ್ಲರೆ. ಮೊದಲ ಆಯ್ಕೆ ಪೀಟ್ ಬುಟಿಜೆಜ್ ಆಗಿದ್ದರು, ಕಪ್ಪು ಮಹಿಳೆಯ ಜೊತೆ ಸಲಿಂಗಿ ಪುರುಷನನ್ನೂ ಒಪ್ಪಿಕೊಳ್ಳಿ ಎಂದು ದೇಶವನ್ನು ಕೇಳುವುದು ಅತಿಯಾದೀತು ಎನ್ನಿಸಿತು ಎಂದು ಹ್ಯಾರಿಸ್ 2025ರ ಸೆಪ್ಟೆಂಬರ್‌ನಲ್ಲಿ ಪುಸ್ತಕ ಬರೆದು ಹೇಳಿದರು. ವಾಲ್ಜ್ ಯೋಗ್ಯರೇ ಅಲ್ಲವೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಮತದಾರರಿಗೆ ನಿಜವಾದ ಲೆಕ್ಕಾಚಾರ ತಿಳಿದದ್ದು ಚುನಾವಣೆ ಮುಗಿದು ಹತ್ತು ತಿಂಗಳಾದ ಮೇಲೆ. ಮೆಕೇನ್ ಮತದಾರರಿಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಮತ ಹಾಕುವ ಮೊದಲು ಕೈಗೆ ಸಿಗಬೇಕಾದ ಮಾಹಿತಿ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಅದರಿಂದ ಯಾರಿಗೆ ಉಪಯೋಗ?

ನಿಯಮ ಬದಲಿಸಲು ಹೋದರೆ ಬರುವ ಆಕ್ಷೇಪಗಳು ತಿಳಿಯದವಲ್ಲ. ಅಭ್ಯರ್ಥಿಗೆ ತನ್ನ ಜೊತೆಗಾರನನ್ನು ಆರಿಸುವ ಸ್ವಾತಂತ್ರ್ಯ ಬೇಕು, ಒಗ್ಗದವರ ಜೊತೆ ನಾಲ್ಕು ವರ್ಷ ಆಡಳಿತ ನಡೆಸಲಾಗದು ಎನ್ನುತ್ತಾರೆ. ಇದು ನಿಜ. 1956ರಲ್ಲಿ ನಿಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಅಡ್ಲೈ ಸ್ಟೀವನ್‌ಸನ್ ಈ ಆಯ್ಕೆಯನ್ನು ಪೂರ್ತಿ ಸಮಾವೇಶಕ್ಕೇ ಬಿಟ್ಟರು. ಎಸ್ಟೆಸ್ ಕೀಫಾವರ್, ಯುವ ಸೆನೆಟರ್ ಜಾನ್ ಕೆನೆಡಿಯವರನ್ನು ಎರಡನೇ ಸುತ್ತಿನಲ್ಲಿ ಹಿಂದಿಕ್ಕಿ ಗೆದ್ದರು. ಅಷ್ಟು ದೂರ ಹೋಗಬೇಕಾಗಿಲ್ಲ. ಮುಂಚಿತವಾಗಿ ಹೆಸರು ಹೇಳುವುದನ್ನು ನಿಯಮವಾಗಿಸುವ ಮಾತೂ ಹೊಸದಲ್ಲ. ಎದುರು ಪಕ್ಷದ 1976ರ ಕಾನ್ಸಾಸ್ ಸಿಟಿ ಸಮಾವೇಶದಲ್ಲಿ ರೊನಾಲ್ಡ್ ರೇಗನ್ ಬಣ ಅಂಥದೇ ನಿಯಮವನ್ನು ಮತಕ್ಕೆ ಹಾಕಿತ್ತು. ರಿಚರ್ಡ್ ಶ್ವೈಕರ್ ಹೆಸರನ್ನು ಮೊದಲೇ ಸಾರಿದ್ದ ರೇಗನ್ ಅವರಿಗೆ ಫೋರ್ಡ್ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದು ಗುರಿಯಾಗಿತ್ತು. ಪ್ರಸ್ತಾವ ಸೋತಿತು. ಅಂದು ತಂತ್ರವಾಗಿ ಬಂದದ್ದು ಇಂದು ತತ್ವವಾಗಿ ಬರಲಿ.

2028ರ ಸಮಾವೇಶಕ್ಕೆ ನಿಯಮ ಬರೆಯುವಾಗ ಮೂರು ಅಂಶ ಸೇರಿಸಿ ಎಂಬುದು ಈ ಪತ್ರದ ಬೇಡಿಕೆ. ಮೊದಲನೆಯದು, ಬೇಕಾದಷ್ಟು ಪ್ರತಿನಿಧಿಗಳ ಬೆಂಬಲ ಗಳಿಸಿದ ಅಭ್ಯರ್ಥಿ ಸಮಾವೇಶಕ್ಕೆ ಕನಿಷ್ಠ 30 ದಿನ ಮೊದಲು ಜೊತೆ ಅಭ್ಯರ್ಥಿಯ ಹೆಸರು ಹೇಳಬೇಕು. ಎರಡನೆಯದು, ಹೆಸರಿನ ಜೊತೆ ಅವರ ಆಸ್ತಿ, ತೆರಿಗೆ, ಆರೋಗ್ಯದ ವಿವರ ಹೊರಬರಬೇಕು, ಪಕ್ಷದ ಪ್ರತಿನಿಧಿಗಳ ಮುಂದೆ ಒಂದು ದಿನವಾದರೂ ಬಹಿರಂಗ ಪ್ರಶ್ನೋತ್ತರ ನಡೆಯಬೇಕು. ಮೂರನೆಯದು, ಇವರನ್ನೇ ಏಕೆ ಎಂಬುದನ್ನು ಅಧ್ಯಕ್ಷ ಅಭ್ಯರ್ಥಿ ತಾವೇ ಬರೆದು ಸಹಿ ಹಾಕಿ ಪ್ರಕಟಿಸಬೇಕು. ಅಂತಿಮ ಆಯ್ಕೆ ಅಭ್ಯರ್ಥಿಯದೇ ಆಗಿರಲಿ. ಆ ಆಯ್ಕೆಯ ಹಿಂದಿನ ವಿವೇಕವನ್ನು ತೂಗಿ ನೋಡಲು ಜನರಿಗೆ ಒಂದಿಷ್ಟು ದಿನ ಸಿಗಲಿ.

ಆರೋಗ್ಯದ ವಿವರ ಕೇಳಿದರೆ ಈಗಲ್ಟನ್ ಅವರಂಥವರು ಮುಂದೆ ಬರುವುದೇ ಇಲ್ಲ, ಕಾಯಿಲೆಯ ಹೆಸರಲ್ಲಿ ಅವಮಾನವಾಗುತ್ತದೆ ಎಂಬ ಅಳುಕು ಕೆಲವರಿಗೆ ಬರಬಹುದು. ಮಿಸೌರಿಯ ಮತದಾರರನ್ನು ನೆನಪಿಸಿಕೊಳ್ಳಿ. ಆಸ್ಪತ್ರೆ, ಶಾಕ್ ಚಿಕಿತ್ಸೆ, ಕಸ್ಟರ್‌ನ ಪತ್ರಿಕಾಗೋಷ್ಠಿ, ಎಲ್ಲವನ್ನೂ ತಿಳಿದ ಮೇಲೆಯೇ ಅವರು 1974ರಲ್ಲಿ ಈಗಲ್ಟನ್ ಅವರನ್ನು ಮತ್ತೆ ಸೆನೆಟ್‌ಗೆ ಕಳಿಸಿದರು. 1980ರಲ್ಲಿ ಇನ್ನೊಮ್ಮೆ ಕಳಿಸಿದರು. ತಾವಾಗಿ ನಿವೃತ್ತರಾಗುವ 1987ರವರೆಗೂ ಈಗಲ್ಟನ್ ಆ ಸದನದಲ್ಲಿ ಕೂತಿದ್ದರು.

ವಿಶ್ವಾಸದಿಂದ,
ಒಬ್ಬ ಕನ್ನಡ ಬರಹಗಾರ