ಕಾವಿಗೆ ಬಾಗುವ ಟೊಂಕ

ಬಿಸಿ ಯೋಗದಲ್ಲಿ ಹೆಚ್ಚು ಹೆಸರಾದದ್ದು ಬಿಕ್ರಮ್ ಚೌಧರಿ ಅವರ ಪದ್ಧತಿ: ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾವು, ಶೇ. 40ರಷ್ಟು ತೇವಾಂಶ, 90 ನಿಮಿಷ, 26 ಭಂಗಿಗಳು. ಅಂಥ ಕೋಣೆಗೆ ನಗರಗಳಲ್ಲಿ ಹೀಟರ್ ಹಚ್ಚಬೇಕು. ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಾದರೆ ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿದರೆ ಆಯಿತು. ಹಾಗಾಗಿ ಪ್ರಶ್ನೆ ನಮ್ಮದೂ ಹೌದು: ಕಾವಿನಲ್ಲಿ ಮೈ ಹೆಚ್ಚು ಬಾಗುತ್ತದೆ ಎಂದಮಾತ್ರಕ್ಕೆ ಅದು ಟೊಂಕಕ್ಕೆ ಹಿತವೇ?

ಬಾಗುವುದು ಸುಳ್ಳಲ್ಲ. ಕಾವಿಗೆ ಸ್ನಾಯುಗಳ ಬಿಗಿ ಸಡಿಲುತ್ತದೆ, ಎಳೆತ ತಾಳುವ ಶಕ್ತಿಯೂ ಏರುತ್ತದೆ. ತೊಡಕಿರುವುದು ಅಲ್ಲೇ. ‘ಇಲ್ಲಿಗೆ ಸಾಕು’ ಎಂದು ಮೈ ಎಚ್ಚರಿಸುವುದು ತಡವಾಗುತ್ತದೆ. ಅಷ್ಟರಲ್ಲಿ ಹೊರೆ ಸ್ನಾಯುವನ್ನು ದಾಟಿ ಟೊಂಕದ ಐದು ಕಶೇರುಕಗಳ ಅಸ್ಥಿರಜ್ಜು, ಡಿಸ್ಕ್‌ಗಳ ಮೇಲೆ ಬಿದ್ದಿರುತ್ತದೆ. ತೊಡೆಯ ಹಿಂಬದಿ ಬಿಗಿಯಿರುವವರು ಪಶ್ಚಿಮೋತ್ತಾನಾಸನದಲ್ಲಿ ಹಟಕ್ಕೆ ಬಿದ್ದರೆ ತೊಡೆಬುಡದ ಕೀಲು ತಿರುಗದೆ ಬೆನ್ನಿನ ಕೆಳಭಾಗವೇ ಗೂನಾಗುತ್ತದೆ. ಆಗ ಡಿಸ್ಕಿನ ತಿರುಳು ಹಿಂದಕ್ಕೆ, ನರಗಳ ಕಡೆಗೆ ಒತ್ತುತ್ತದೆ. ಉಷ್ಟ್ರಾಸನದಲ್ಲಿ ಹಿಂದಕ್ಕೆ ಅತಿಯಾಗಿ ಬಾಗಿದರೆ ಕಶೇರುಕಗಳ ಹಿಂಬದಿಯ ಕೀಲುಗಳು ಒಂದಕ್ಕೊಂದು ಒತ್ತುತ್ತವೆ. ಸ್ನಾಯುವಿಗೆ ರಕ್ತ ಹೇರಳ. ವಯಸ್ಕರ ಡಿಸ್ಕಿಗೆ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದಕ್ಕೇ ಅದರ ಗಾಯ ಬೇಗ ಮಾಯುವುದಿಲ್ಲ.

ತಣ್ಣಗಿರುವ ಮೈಯನ್ನು ಏಕಾಏಕಿ ಎಳೆಯಬಾರದು ಎಂಬ ವಾದವನ್ನು ಒಪ್ಪೋಣ. ಆದರೆ ನಾಲ್ಕಾರು ಸೂರ್ಯನಮಸ್ಕಾರ ಹಾಕಿ ಮೈ ಬಿಸಿಮಾಡಿಕೊಂಡಾಗ ಆ ಬಿಸಿ ಸ್ನಾಯುಗಳ ದುಡಿಮೆಯಿಂದಲೇ ಹುಟ್ಟಿರುತ್ತದೆ. ಕೋಣೆಯ ಕಾವು ದುಡಿಯದವರಿಗೂ ಸಿಗುವ ಸಾಲ. ಬೆವರಿನೊಡನೆ ವಿಷ ಹರಿದುಹೋಗುತ್ತದೆ ಎಂಬ ಮಾತೂ ನಿಲ್ಲದು. ಆ ಕೆಲಸ ಮುಖ್ಯವಾಗಿ ಯಕೃತ್ತು, ಮೂತ್ರಪಿಂಡಗಳದು. ಬೆವರಿಗೆ ಹೋಗುವುದು ನೀರು, ಉಪ್ಪು. ಜೊತೆಗೆ ಚಾಪೆಯ ಮೇಲಿನ ಕಾಲಿನ ಹಿಡಿತ.

ಹಳೆಯ ಯೋಗಗ್ರಂಥಗಳೂ ಕಾವನ್ನು ಹೊಗಳಿಲ್ಲ. ಘೇರಂಡ ಸಂಹಿತೆ ಯೋಗಾರಂಭಕ್ಕೆ ವಸಂತ ಮತ್ತು ಶರದೃತುಗಳನ್ನು ಸೂಚಿಸಿ, ಗ್ರೀಷ್ಮದಂಥ ಋತುವಿನಲ್ಲಿ ತೊಡಗಿದರೆ ಯೋಗವೇ ರೋಗ ತರುತ್ತದೆ ಎನ್ನುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಕುರ್ಚಿ, ಮರದ ತುಂಡುಗಳನ್ನು ಬಳಸಿ ಆಸನವನ್ನೇ ಮೈಗೆ ಹೊಂದಿಸಿದರು. ಬಿಸಿ ಕೋಣೆ ಮೈಯನ್ನು ಆಸನಕ್ಕೆ ಬಗ್ಗಿಸಲು ಹೊರಡುತ್ತದೆ.

ನಮ್ಮ ಸೀಮೆಯ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಗ್ಗಿ ಕಳೆ ಕೀಳುವವರು, ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಮಾಡುವವರು, ಬ್ಯಾಡಗಿಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವರು: ಇವರ ಟೊಂಕ ದಿನವಿಡೀ ಬಾಗಿಯೇ ಇರುತ್ತದೆ. ಅದಕ್ಕೆ ಇನ್ನಷ್ಟು ಬಾಗುವಿಕೆ ಯಾಕೆ? ಬೇಕಿರುವುದು ಹೊಟ್ಟೆ, ಬೆನ್ನು, ಪಿರ್ರೆಯ ಸ್ನಾಯುಗಳಿಗೆ ಬಲ. ಸೇತುಬಂಧಾಸನ, ಹದವಾದ ಶಲಭಾಸನ ಅದನ್ನು ಕೊಡುತ್ತವೆ, ಅದೂ ತಂಪು ಹೊತ್ತಿನಲ್ಲಿ. ರಾತ್ರಿಯೆಲ್ಲ ನೀರು ಹೀರಿ ಡಿಸ್ಕ್ ಉಬ್ಬಿರುವುದರಿಂದ, ಎದ್ದ ಕೂಡಲೇ ಆಳವಾಗಿ ಮುಂದಕ್ಕೆ ಬಗ್ಗುವುದು ಬೇಡ.

ಇಷ್ಟಾಗಿಯೂ ಬಿಸಿ ಯೋಗವೇ ಬೇಕೆನ್ನುವವರು ಒಂದು ಮಿತಿ ಇಟ್ಟುಕೊಳ್ಳಲಿ: ತಂಪಿನಲ್ಲಿ ಸ್ವಂತ ಬಲದಿಂದ ಎಷ್ಟು ಬಾಗಬಲ್ಲಿರೋ ಕಾವಿನಲ್ಲೂ ಅಷ್ಟೇ ಬಾಗಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ.