ವಿಭಕ್ತಿ ಬಲ್ಲವರಿಗೆ ಹಂಗೇರಿ ದೂರವಲ್ಲ

ಕಳೆದ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕೈಯಲ್ಲಿ ಎರಡು ದಪ್ಪ ಪುಸ್ತಕ. ಒಂದು ಹಂಗೇರಿಯನ್ ಕಲಿಸುವಂಥದ್ದು, ಇನ್ನೊಂದು ಚೆಕ್ ಕಲಿಸುವಂಥದ್ದು. ಎರಡೂ ಇಂಗ್ಲಿಷಿನಲ್ಲಿ ಬರೆದವು. ಡಿಪ್ಲೊಮಾ ಮುಗಿಸಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕಂಪನಿಯವರು ತರಬೇತಿಗೆಂದು ಮೂರು ತಿಂಗಳು ಹಂಗೇರಿಗೂ ಮೂರು ತಿಂಗಳು ಚೆಕ್ ದೇಶಕ್ಕೂ ಕಳಿಸುತ್ತಾರಂತೆ.

"ಅಲ್ಲಿ ಇಂಗ್ಲಿಷ್ ನಡೆಯುವುದಿಲ್ಲವೇನೋ?" ಎಂದೆ.

"ದೊಡ್ಡ ಎಂಜಿನಿಯರುಗಳಿಗೆ ಬರುತ್ತಂತೆ ಸಾರ್. ಆದರೆ ನಾನು ಕಲಿಯಬೇಕಾದದ್ದು ಮಿಷನ್ ಮುಂದೆ ನಿಲ್ಲುವವರ ಹತ್ತಿರ. ಅವರಿಗೆ ಬರೋದಿಲ್ಲವಂತೆ." ಸ್ವಲ್ಪ ತಡೆದು ಹೇಳಿದ: "ನನಗೆ ಇಂಗ್ಲಿಷೇ ಹತ್ತಲಿಲ್ಲ. ಇದು ಹತ್ತುತ್ತದೆಯೇ? ನಿನಗೆ ಭಾಷೆ ಬರೋದಿಲ್ಲ, ಕೈಕೆಲಸ ಕಲಿ ಅಂತ ಒಂಬತ್ತನೇ ಕ್ಲಾಸಿನಲ್ಲಿ ನೀವೇ ಹೇಳಿದ್ರಲ್ಲ ಸಾರ್."

ಹೇಳಿದ್ದೆನೋ ಇಲ್ಲವೋ ನನಗೆ ನೆನಪಿಲ್ಲ. ಹೇಳಿದವರಿಗೆ ಮರೆಯುತ್ತದೆ, ಕೇಳಿಸಿಕೊಂಡವರಿಗೆ ಮರೆಯುವುದಿಲ್ಲ. ಮೂವತ್ತು ವರ್ಷ ಕನ್ನಡ ವ್ಯಾಕರಣ ಹೇಳಿಕೊಟ್ಟ ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಪುಸ್ತಕಗಳನ್ನು ಅವನಿಂದ ಎರಡು ದಿನಕ್ಕೆಂದು ಇಸಿದುಕೊಂಡು ಓದತೊಡಗಿದೆ. ಓದುತ್ತ ಹೋದಂತೆ ನನಗೇ ಆಶ್ಚರ್ಯವಾಯಿತು. ಮೂರನೆಯ ಪಾಠಕ್ಕೆ ಬರುವಷ್ಟರಲ್ಲಿ ಹಳೆಯ ಪರಿಚಯದವರು ಎದುರಾದರು: ವಿಭಕ್ತಿ ಪ್ರತ್ಯಯಗಳು!

ಮೊದಲು ಹಂಗೇರಿಯನ್ ವಿಷಯ. ಅಲ್ಲಿ ಮನೆಗೆ 'ಹಾಜ಼್' ಎನ್ನುತ್ತಾರೆ. ಮನೆಯಲ್ಲಿ ಎನ್ನಲು 'ಹಾಜ಼್‌ಬನ್', ಮನೆಯೊಳಕ್ಕೆ ಎನ್ನಲು 'ಹಾಜ಼್‌ಬ', ಮನೆಯೊಳಗಿಂದ ಎನ್ನಲು 'ಹಾಜ಼್‌ಬೋಲ್'. ಇಂಗ್ಲಿಷಿನಂತೆ ಶಬ್ದದ ಮುಂದೆ ಬೇರೆ ಪದವನ್ನು ನಿಲ್ಲಿಸುವುದಿಲ್ಲ. ನಮ್ಮ ಹಾಗೆಯೇ ಹಿಂದೆ ಪ್ರತ್ಯಯ ಹಚ್ಚುತ್ತಾರೆ. ಒಳಗೆ, ಮೇಲೆ, ಹತ್ತಿರ ಎಂಬ ಮೂರು ಜಾಗ. ಇರುವುದು, ಹೋಗುವುದು, ಬರುವುದು ಎಂಬ ಮೂರು ಸ್ಥಿತಿ. ಒಟ್ಟು ಒಂಬತ್ತು ಪ್ರತ್ಯಯ. ಮೇಲೆ, ಮೇಲಕ್ಕೆ, ಮೇಲಿಂದ; ಹತ್ತಿರ, ಹತ್ತಿರಕ್ಕೆ, ಹತ್ತಿರದಿಂದ ಎಂದು ಕನ್ನಡದಲ್ಲಿ ಹೇಳಿಕೊಂಡು ಹೋದರೆ ಇಡೀ ಕೋಷ್ಟಕ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಹಂಗೇರಿಯನ್ನಿನಲ್ಲಿ ಸುಮಾರು ಹದಿನೆಂಟು ವಿಭಕ್ತಿಗಳೆಂದು ಪುಸ್ತಕಗಳು ಎಣಿಸುತ್ತವೆ. ಇಂಗ್ಲಿಷಿನ ಮೂಲಕ ಹೋಗುವವರು ಆ ಸಂಖ್ಯೆ ನೋಡಿಯೇ ಹೆದರುತ್ತಾರೆ. 'ಮನೆಯವರೊಂದಿಗೆ', 'ಊರಿಗೋಸ್ಕರ', 'ಸಂಜೆಯವರೆಗೆ' ಎಂದು ದಿನವೂ ಹಚ್ಚುವ ನಾವು ಏಕೆ ಹೆದರಬೇಕು?

ಇನ್ನೊಂದು ಮೋಜು ನೋಡಿ. 'ಎರಡು ಮನೆ', 'ಐದು ರೂಪಾಯಿ' ಎನ್ನುತ್ತೇವೆಯೇ ಹೊರತು ಮಾತಿನಲ್ಲಿ 'ಎರಡು ಮನೆಗಳು', 'ಐದು ರೂಪಾಯಿಗಳು' ಎಂದು ಎಳೆಯುವುದಿಲ್ಲ. ಹಂಗೇರಿಯವರೂ ಅಷ್ಟೆ. ಸಂಖ್ಯೆ ಬಂದರೆ ಬಹುವಚನ ಬೇಡ. 'ಕೇತ್ ಹಾಜ಼್' ಎಂದರೆ ಎರಡು ಮನೆ. 'ನನಗೆ ಇಬ್ಬರು ಮಕ್ಕಳಿದ್ದಾರೆ' ಎಂದು ನಾವು ಚತುರ್ಥಿಯಲ್ಲಿ ಹೇಳುತ್ತೇವೆ. ಅವರೂ 'ನನಗೆ ಇದೆ' ಎಂದೇ ಹೇಳುತ್ತಾರೆ. ಇಂಗ್ಲಿಷಿನ 'ಹ್ಯಾವ್' ಎಂಬ ಕ್ರಿಯಾಪದದ ಕೆಲಸ ಅಲ್ಲಿಲ್ಲ. ಅವನು, ಅವಳು ಎಂಬ ಭೇದವೂ ಇಲ್ಲ. ಇಬ್ಬರಿಗೂ ಒಂದೇ ಸರ್ವನಾಮ.

ಹಾಗೆಂದು ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಪ್ರತ್ಯಯಕ್ಕೂ ಶಬ್ದಕ್ಕೂ ಸ್ವರ ಹೊಂದಬೇಕು. 'ಹಾಜ಼್' ಶಬ್ದಕ್ಕೆ 'ಬನ್' ಹಚ್ಚಿದರೆ, ತೋಟ ಎಂಬರ್ಥದ 'ಕೆರ್ತ್' ಶಬ್ದಕ್ಕೆ 'ಬೆನ್' ಹಚ್ಚಬೇಕು. ಕ್ರಿಯಾಪದಕ್ಕೂ ಎರಡು ರೂಪ. 'ಒಂದು ಪುಸ್ತಕ ಓದುತ್ತೇನೆ' ಎಂದರೆ 'ಒಲ್ವಶೊಕ್', 'ಆ ಪುಸ್ತಕವನ್ನು ಓದುತ್ತೇನೆ' ಎಂದರೆ 'ಒಲ್ವಶೊಮ್'. ಯಾವುದೋ ಪುಸ್ತಕವೋ, ಗೊತ್ತಿರುವ ಪುಸ್ತಕವೋ ಎಂಬುದನ್ನು ನಾವು ಹಲವು ಸಲ 'ಅನ್ನು' ಪ್ರತ್ಯಯ ಬಿಟ್ಟು ಅಥವಾ ಹಚ್ಚಿ ಸೂಚಿಸುತ್ತೇವೆ. ಅವರು ಅದನ್ನು ಕ್ರಿಯಾಪದದಲ್ಲಿ ತೋರಿಸುತ್ತಾರೆ.

ಈ ಹೋಲಿಕೆ ಕಂಡು ಹಂಗೇರಿಯವರು ನಮ್ಮ ದಾಯಾದಿಗಳೆಂದು ಹೇಳಹೊರಡುವುದೂ ತಪ್ಪು. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಅಂಥ ದೂರದ ನಂಟನ್ನು ಸೂಚಿಸಿದ್ದರು. ಇಂದಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಹಂಗೇರಿಯನ್ ಯುರಾಲಿಕ್ ಕುಟುಂಬದ ಭಾಷೆ, ಫಿನ್ನಿಷ್ ಮತ್ತು ಎಸ್ಟೋನಿಯನ್ನುಗಳ ದೂರದ ನೆಂಟ. ನಮಗೂ ಅವರಿಗೂ ರಕ್ತಸಂಬಂಧವಿಲ್ಲ, ಮನೆ ಕಟ್ಟುವ ಪದ್ಧತಿ ಮಾತ್ರ ಒಂದೇ.

ಇನ್ನು ಚೆಕ್. ಇದರ ಕಥೆ ತಿರುವುಮುರುವು. ಕಟ್ಟುವ ಪದ್ಧತಿ ಬೇರೆ, ಆದರೆ ಪಾತ್ರೆಪಗಡೆಗಳಲ್ಲಿ ಎಷ್ಟೋ ನಮ್ಮ ಮನೆಯವೇ. ಚೆಕ್ ಭಾಷೆ ಸ್ಲಾವಿಕ್ ಶಾಖೆಗೆ ಸೇರಿದ್ದು. ಸಂಸ್ಕೃತವೂ ಅದೂ ಒಂದೇ ಮೂಲ ಕುಟುಂಬದವು. ಆ ಸಂಸ್ಕೃತದ ಶಬ್ದಗಳನ್ನು ಕನ್ನಡ ಸಾವಿರ ವರ್ಷಗಳಿಂದ ಬಳಸುತ್ತ ಬಂದಿದೆ. ಎರಡಕ್ಕೆ ಚೆಕ್‌ನಲ್ಲಿ 'ದ್ವ', ನೂರಕ್ಕೆ 'ಸ್ತೊ', ದಿನಕ್ಕೆ 'ದೆನ್'. ಆಕಾಶಕ್ಕೆ 'ನೆಬೆ', ಅದು ನಮ್ಮ ನಭ. ತೋಳಕ್ಕೆ 'ವ್ಲ್ಕ್', ಅದು ವೃಕ. ಜೇನಿಗೆ 'ಮೆದ್', ಅದು ಮಧು. ಕರಡಿಗೆ 'ಮೆದ್ವ್ಯೆದ್' ಎನ್ನುತ್ತಾರೆ. ಮೂಲದಲ್ಲಿ ಮಧುವನ್ನು ತಿನ್ನುವವನು ಎಂದರ್ಥ. ಎಲ್ಲಕ್ಕಿಂತ ನನಗೆ ಹಿಡಿಸಿದ ಪದ 'ವ್ಯೆದ'. ವಿಜ್ಞಾನಕ್ಕೆ ಅವರಿಟ್ಟ ಹೆಸರು ಅದು. ನಮ್ಮ ವೇದ, ವಿದ್ಯೆ ಎರಡೂ ಹುಟ್ಟಿದ ಬೇರಿನಿಂದಲೇ ಅದೂ ಹುಟ್ಟಿದೆ.

ಬಾಯಿಗೂ ಅನುಕೂಲವಿದೆ. ಬೆರಳಿಗೆ 'ಪ್ರ್ಸ್ತ್', ಕುತ್ತಿಗೆಗೆ 'ಕ್ರ್ಕ್' ಎಂದು ಸ್ವರವೇ ಇಲ್ಲದ ಪದಗಳನ್ನು ಕಂಡು ಪರದೇಶದವರು ನಗುತ್ತಾರೆ. ನಮಗೆ 'ಋ' ಎಂಬ ಅಕ್ಷರವಿದೆ. ಮೃತ್ಯು ಎನ್ನುವುದನ್ನು ರುಕಾರ ಬೆರೆಸದೆ ಶುದ್ಧವಾಗಿ ಉಚ್ಚರಿಸಬಲ್ಲವರಿಗೆ ಚೆಕ್‌ನಲ್ಲಿ ಸಾವಿಗೆ ಹೇಳುವ 'ಸ್ಮ್ರ್ತ್' ಕಷ್ಟವಾಗದು. ಎರಡು ಪದಗಳೂ ಜ್ಞಾತಿಗಳೇ. ಆದರೆ ಸಂಗೀತಗಾರ ದ್ವೊರ್ಝಾಕ್ ಅವರ ಹೆಸರಿನಲ್ಲಿ ಬರುವ, 'ರ' ಮತ್ತು 'ಝ' ಒಟ್ಟಿಗೆ ನಡುಗಿದಂತಿರುವ ಧ್ವನಿಗೆ ಮಾತ್ರ ಶ್ರಮ ಪಡಬೇಕು. ಚೆಕ್ ಮಕ್ಕಳೇ ಅದನ್ನು ತಡವಾಗಿ ಕಲಿಯುತ್ತಾರೆ.

ಚೆಕ್‌ನಲ್ಲೂ ಏಳು ವಿಭಕ್ತಿಗಳು. ಶಾಲೆಯಲ್ಲಿ ಮಕ್ಕಳು ಅವನ್ನು ಒಂದನೆಯದು, ಎರಡನೆಯದು ಎಂದು ಸಂಖ್ಯೆಯಿಂದಲೇ ಕಲಿಯುತ್ತಾರೆ, ನಾವು ಪ್ರಥಮಾ, ದ್ವಿತೀಯಾ ಎನ್ನುವ ಹಾಗೆ. ಸಂಬೋಧನೆ ಅವರ ಲೆಕ್ಕದಲ್ಲಿ ಐದನೆಯದು. ಆದರೆ ಲಿಂಗ ಮೂರು, ಲಿಂಗಕ್ಕೆ ತಕ್ಕಂತೆ ಪ್ರತ್ಯಯ ಬದಲಾಗುತ್ತದೆ. ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡು ರಾಮಶಬ್ದ ಬಾಯಿಪಾಠ ಮಾಡಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಕ್ರಿಯಾಪದದಲ್ಲಿ 'ಬರೆಯುತ್ತಿರು' ಎಂಬುದಕ್ಕೊಂದು, 'ಬರೆದು ಮುಗಿಸು' ಎಂಬುದಕ್ಕೊಂದು ಜೋಡಿ ರೂಪ. ನಮ್ಮ 'ಬರೆ', 'ಬರೆದುಬಿಡು' ನೆನಪಿಟ್ಟುಕೊಂಡರೆ ಅರ್ಧ ದಾರಿ ಸಾಗಿದಂತೆ.

ಎರಡು ಭಾಷೆಗೂ ಸಾಮಾನ್ಯವಾದ ಎರಡು ಗುಣಗಳಿವೆ. ಒತ್ತು ಬೀಳುವುದು ಮೊದಲ ಅಕ್ಷರದ ಮೇಲೆ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ. ಚೆಕ್‌ನಲ್ಲಿ 'ಪಸ್' ಎಂದರೆ ಪಾಸ್‌ಪೋರ್ಟು, 'ಪಾಸ್' ಎಂದರೆ ವಿಮಾನದ ಕುರ್ಚಿಯಲ್ಲಿ ಸೊಂಟಕ್ಕೆ ಕಟ್ಟುವಂಥ ಬೆಲ್ಟು. ಹಂಗೇರಿಯನ್ನಿನ ಒಂದು ಪದದ ಮೊದಲ ಸ್ವರ ಹ್ರಸ್ವವಾದರೆ 'ಸಂತೋಷಪಟ್ಟ' ಎಂದರ್ಥ, ದೀರ್ಘವಾದರೆ 'ಹುಚ್ಚ'! 'ಹಳೆ' ಮತ್ತು 'ಹಾಳೆ', 'ಬಿಡು' ಮತ್ತು 'ಬೀಡು' ಒಂದೇ ಅಲ್ಲವೆಂದು ಒಂದನೇ ತರಗತಿಯಲ್ಲೇ ಕಲಿತ ಮಗುವಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಎರಡು ದಿನದ ಬದಲು ಒಂದು ವಾರವಾಯಿತು. ಹುಡುಗ ಬಂದಾಗ ಒಂದು ನೋಟ್‌ಬುಕ್ಕಿನ ಹಾಳೆಗಳನ್ನು ಮೂರು ಪಾಲು ಮಾಡಿ ಗೆರೆ ಎಳೆದುಕೊಟ್ಟೆ. ಎಡಕ್ಕೆ ಹಂಗೇರಿಯನ್, ನಡುವೆ ಕನ್ನಡ, ಬಲಕ್ಕೆ ಚೆಕ್. ಇಂಗ್ಲಿಷಿಗೆ ಜಾಗವಿಲ್ಲ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಅರ್ಥ ತಿಳಿದ ಕೂಡಲೇ ಅದನ್ನು ಕನ್ನಡದ ವಾಕ್ಯದ ಪಕ್ಕದಲ್ಲಿ ಕೂರಿಸಬೇಕು. ಅದೊಂದೇ ನಾನು ಹೇಳಿದ ಗುಟ್ಟು.

ಆದರೆ ನಾನೂ ಒಂದು ತಪ್ಪು ಮಾಡಿದೆ. ಎರಡನ್ನೂ ಒಂದೇ ದಿನ ಶುರು ಮಾಡಿಸಿದೆ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಯಿತು. ಚೆಕ್‌ನಲ್ಲಿ 'ಇಲ್ಲ' ಎನ್ನಲು 'ನೆ', ಹಂಗೇರಿಯನ್ನಿನಲ್ಲಿ 'ನೆಮ್'. ಚೆಕ್‌ನಲ್ಲಿ ಹ್ರಸ್ವ 'ಯೊ' ಎಂದರೆ ಹೂಂ, ಹಂಗೇರಿಯನ್ನಿನಲ್ಲಿ ದೀರ್ಘ 'ಯೋ' ಎಂದರೆ ಒಳ್ಳೆಯದು. ಮೂರು ವಾರದಲ್ಲಿ ಹುಡುಗನ ತಲೆ ಕಲಸಿದ ಅವಲಕ್ಕಿಯಾಯಿತು. ಪುಸ್ತಕ ಮಡಿಸಿಟ್ಟು, "ಆಗ ನೀವು ಹೇಳಿದ್ದೇ ಸರಿ ಸಾರ್" ಎಂದ. ಆ ಮಾತು ನನಗೆ ಚುಚ್ಚಿತು. ಚೆಕ್ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮೊದಲು ಹೋಗುವುದು ಹಂಗೇರಿಗೆ ತಾನೆ? ಮೂರು ತಿಂಗಳು ಅದೊಂದೇ. ಆಮೇಲೆ ಚೆಕ್ ತೆಗೆದಾಗ ಹಂಗೇರಿಯನ್ನೇ ನೆರವಿಗೆ ಬಂತು. ಅದು ಸ್ಲಾವಿಕ್ ನೆರೆಹೊರೆಯಿಂದ ಎರವಲು ಪಡೆದ ಪದಗಳು ಬಹಳ. ಶುಕ್ರವಾರ ಅಲ್ಲಿ 'ಪೇಂತೆಕ್', ಇಲ್ಲಿ 'ಪಾತೆಕ್'; ಎರಡೂ ಐದನೆಯ ದಿನ. ಮೇಜು ಅಲ್ಲಿ 'ಅಸ್ತಲ್', ಇಲ್ಲಿ 'ಸ್ತೂಲ್'. ಸ್ಟೂಲಲ್ಲ, ಮೇಜು!

ತಾವಾಗಿಯೇ ಕಲಿಯಬಯಸುವ ವಿದ್ಯಾರ್ಥಿಗಳಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ದಿನಕ್ಕೆ ಮುಕ್ಕಾಲು ಗಂಟೆ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಬಿಡಿ ಪದ ಉರುಹೊಡೆಯುವ ಬದಲು ಸಣ್ಣ ವಾಕ್ಯ ಬಾಯಿಪಾಠ ಮಾಡಿ. ಮೊಬೈಲಿನಲ್ಲಿ ಧ್ವನಿ ಕೇಳಿಸಿಕೊಂಡು ಉಕ್ತಲೇಖನ ಬರೆಯಿರಿ; ಹ್ರಸ್ವ ದೀರ್ಘದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಹಂಗೇರಿಯನ್ನಿನ 'ಎಸ್' ಅಕ್ಷರಕ್ಕೆ 'ಶ' ಎಂದೂ, 'ಎಸ್' ಮತ್ತು 'ಜೆಡ್' ಜೊತೆಯಾದರೆ 'ಸ' ಎಂದೂ ಓದಬೇಕು; ಆದ್ದರಿಂದ ಅವರ ರಾಜಧಾನಿ 'ಬುಡಪೆಶ್ತ್'. ಇಂಥ ಲಿಪಿನಿಯಮಗಳನ್ನು ಮೊದಲ ವಾರದಲ್ಲೇ ಮುಗಿಸಿಬಿಡಿ. ಎರಡು ಭಾಷೆಗಳಲ್ಲೂ ಬಹುಮಟ್ಟಿಗೆ ಬರೆದಂತೆ ಓದುವುದು ಎಂಬುದೇ ದೊಡ್ಡ ಸಮಾಧಾನ.

ತಂದೆತಾಯಿಗಳು ಕೇಳುವ ಪ್ರಶ್ನೆ ನನಗೆ ಗೊತ್ತು: ಇದರಿಂದ ಏನು ಪ್ರಯೋಜನ? ಪ್ರಯೋಜನವಿದೆ. ಚೆಕ್ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಭಾಷೆಯಲ್ಲೇ ಓದುವವರಿಗೆ, ಅವರು ಯಾವ ದೇಶದವರಾದರೂ, ಬೋಧನಾ ಶುಲ್ಕವಿಲ್ಲ. ಇಂಗ್ಲಿಷಿನಲ್ಲಿ ಓದಿದರೆ ಶುಲ್ಕ ಕಟ್ಟಬೇಕು. ಹಂಗೇರಿ ಸರ್ಕಾರ 2013ರಲ್ಲಿ ಪರದೇಶದ ವಿದ್ಯಾರ್ಥಿಗಳಿಗೆಂದು 'ಸ್ಟಿಪೆಂಡಿಯಂ ಹಂಗಾರಿಕಂ' ಎಂಬ ವಿದ್ಯಾರ್ಥಿವೇತನ ಆರಂಭಿಸಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಎರಡೂ ಭಾಷೆಗಳನ್ನು ಕಲಿಸುವ ವಿಭಾಗವಿದೆ. ಆದರೆ ಅಷ್ಟಕ್ಕೇ ಕಲಿಯಬೇಕೆಂದು ನಾನು ಹೇಳಲಾರೆ. ಹಂಗೇರಿಯ ಚೋಮ ಎಂಬ ಬಡ ವಿದ್ವಾಂಸ ತನ್ನ ಜನರ ಮೂಲ ಹುಡುಕುತ್ತ 1819ರಲ್ಲಿ ಊರು ಬಿಟ್ಟು ಬಹುಪಾಲು ನಡೆದೇ ನಮ್ಮ ಲಡಾಖಿಗೆ ಬಂದ. ಝಂಸ್ಕಾರಿನ ಮಠದ ಚಳಿಯಲ್ಲಿ ಕೂತು ಲಾಮಾಗಳಿಂದ ಟಿಬೆಟನ್ ಕಲಿತ. ಹುಡುಕಿದ್ದು ಸಿಗಲಿಲ್ಲ. ಆದರೆ 1834ರಲ್ಲಿ ಕಲ್ಕತ್ತೆಯಲ್ಲಿ ಅವನ ಟಿಬೆಟನ್ ನಿಘಂಟು, ವ್ಯಾಕರಣ ಅಚ್ಚಾದವು. 1842ರಲ್ಲಿ ತೀರಿಕೊಂಡ ಅವನ ಸಮಾಧಿ ಡಾರ್ಜಿಲಿಂಗಿನಲ್ಲಿದೆ. ಅದೇ ದೇಶದ ಲೊಂಬ್ ಕತೋ ಎಂಬಾಕೆ ಓದಿದ್ದು ರಸಾಯನಶಾಸ್ತ್ರ. ನಿಘಂಟು, ಕಾದಂಬರಿ ಇಟ್ಟುಕೊಂಡು ತಾನೇ ರಷ್ಯನ್ ಕಲಿತು, ಹಲವು ಭಾಷೆಗಳ ದುಭಾಷಿಯಾದಳು. ಭಾಷೆ ಕಲಿಯಲು ಹುಟ್ಟುಗುಣ ಬೇಕೆಂಬುದನ್ನು ಆಕೆ ಒಪ್ಪುತ್ತಿರಲಿಲ್ಲ.

ನಾನು ಒಪ್ಪುತ್ತಿದ್ದೆ. ಅದೇ ನನ್ನ ತಪ್ಪು. ಇಂಗ್ಲಿಷ್ ಬಾರದ ಮಕ್ಕಳಿಗೆ ಭಾಷೆಯೇ ಬಾರದೆಂದು ಎಷ್ಟು ಸುಲಭವಾಗಿ ತೀರ್ಪು ಕೊಡುತ್ತೇವೆ!

ಹೋದ ತಿಂಗಳು ಹುಡುಗ ಹಂಗೇರಿಯಿಂದ ಫೋನ್ ಮಾಡಿದ್ದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ 'ಕೇತ್ ಕಾವೇತ್ ಕೇರೆಕ್', ಅಂದರೆ 'ಎರಡು ಕಾಫಿ ಕೊಡಿ' ಎಂದನಂತೆ. ಅವನ ಜೊತೆ ಹೋಗಿರುವ, ಇಂಗ್ಲಿಷ್ ಚೆನ್ನಾಗಿ ಬಲ್ಲ ಎಂಜಿನಿಯರು ದಿನವೂ ಎರಡರ ಮುಂದೆ ಬಹುವಚನ ಹಾಕಿ ಕೇಳುತ್ತಾರಂತೆ. ಕಾಫಿ ಕೊಡುವ ಮುದುಕಿ, "ನಿನಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದಳಂತೆ.

"ಏನು ಹೇಳಿದೆ?" ಎಂದೆ.

"ನಮ್ಮ ಕನ್ನಡ ಮೇಷ್ಟ್ರು ಅಂದೆ ಸಾರ್."

ನನಗೆ ಮಾತು ಹೊರಡಲಿಲ್ಲ. ಒಂಬತ್ತನೇ ತರಗತಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದಷ್ಟೇ ಹೇಳಿದೆ. ಅವನು ನಕ್ಕ. ಚೆಕ್ ಪುಸ್ತಕ ಕಪಾಟಿನಲ್ಲಿಲ್ಲ, ಅವನ ಚೀಲದಲ್ಲಿದೆ. ಮುಂದಿನ ತಿಂಗಳು ಅದರ ಸರದಿ.